ಬಸಿರಿನ ವಾಂತಿ: ಡಾಕ್ಟರು ಕೊಟ್ಟ ಮಾತ್ರೆ ನುಂಗಲೋ ಬೇಡವೋ?

ಪ್ರಶ್ನೆ: ನನಗೆ 27 ವರ್ಷ. ಕೆಲಸ ಬೆಂಗಳೂರಿನಲ್ಲಿ, ತವರು ಪುತ್ತೂರು. ಮೊದಲ ಬಸಿರು, ಈಗ ಎಂಟು ವಾರ. ಎರಡು ವಾರದಿಂದ ಎದ್ದಾಗಿನಿಂದ ಮಲಗುವವರೆಗೆ ಹೊಟ್ಟೆ ತೊಳೆಸುತ್ತಲೇ ಇರುತ್ತದೆ. ದಿನಕ್ಕೆ ಮೂರ್ನಾಲ್ಕು ಸಲ ವಾಂತಿ, ಅಷ್ಟೇ ಸಲ ಬರೀ ಓಕರಿಕೆ. ಒಗ್ಗರಣೆ ವಾಸನೆ ಬಂದರೆ ಮುಗೀತು. 54 ಕೆಜಿ ಇದ್ದವಳು 52.5ಕ್ಕೆ ಇಳಿದಿದ್ದೇನೆ. ಸ್ಕ್ಯಾನಿಂಗ್‌ನಲ್ಲಿ ಒಂದೇ ಮಗು, ಎದೆಬಡಿತ ಚೆನ್ನಾಗಿದೆ ಅಂದರು. ಡಾಕ್ಸಿನೇಟ್ ಮಾತ್ರೆ ಬರೆದುಕೊಟ್ಟರು. ಆದರೆ ಅತ್ತೆ, 'ನಾನು ಮೂರು ಹೆತ್ತೆ, ಒಂದು ಮಾತ್ರೆ ಮುಟ್ಟಿಲ್ಲ, ಇದೆಲ್ಲ ಮನಸ್ಸಿಂದ ಬರೋದು' ಅನ್ನುತ್ತಾರೆ. ಭಾವ ವಾಟ್ಸಾಪಿನಲ್ಲಿ ಹಳೇ ಫೋಟೋ ಕಳಿಸಿದ್ದಾರೆ, ವಾಂತಿ ಮಾತ್ರೆಯಿಂದ ಕೈಕಾಲು ಇಲ್ಲದೆ ಹುಟ್ಟಿದ ಮಕ್ಕಳದ್ದು. ಮಾತ್ರೆ ಹಾಗೇ ಇದೆ. ಹೀಗೆ ಏನೂ ತಿನ್ನದಿದ್ದರೆ ಮಗುವಿಗೆ ತೊಂದರೆ ಆಗುತ್ತಾ? ಮಾತ್ರೆ ತಗೊಳ್ಳಲಾ ಬೇಡವಾ? ಸ್ವಲ್ಪ ದಿನ ತವರಿಗೆ ಹೋಗಬಹುದಾ?

ಉತ್ತರ: ಮಾತ್ರೆಯ ವಿಷಯ ಮೊದಲು ಮುಗಿಸಿಬಿಡೋಣ, ಉಳಿದದ್ದು ಆಮೇಲೆ. ನಿಮ್ಮ ಡಾಕ್ಟರು ಬರೆದುಕೊಟ್ಟದ್ದನ್ನು ತೆಗೆದುಕೊಳ್ಳಿ. ಇವತ್ತು ರಾತ್ರಿಯಿಂದಲೇ ಶುರು ಮಾಡಿ.

ನಿಮ್ಮ ಭಾವ ಕಳಿಸಿದ ಫೋಟೋ ಸುಳ್ಳಲ್ಲ. ಅದು ಥಾಲಿಡೊಮೈಡ್ ಅನ್ನುವ ಔಷಧಿಯ ಕಥೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ದೆ ಬರಿಸುವ ಮಾತ್ರೆಯಾಗಿ ಅಂಗಡಿಗೆ ಬಂತು. ಬಸುರಿಯರ ವಾಂತಿಗೂ ಒಳ್ಳೆಯದು ಎಂದು ಹಲವು ದೇಶಗಳಲ್ಲಿ ಕೊಟ್ಟರು. ಹೊಟ್ಟೆಯೊಳಗಿನ ಮಗುವಿಗೆ ಏನಾಗುತ್ತದೆ ಎಂದು ಸರಿಯಾಗಿ ನೋಡಿರಲೇ ಇಲ್ಲ. 1961ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಆದರೆ ಅಷ್ಟರೊಳಗೆ ಆಗಬೇಕಾದ ಅನಾಹುತ ಆಗಿತ್ತು. ಜಗತ್ತಿನಲ್ಲಿ ಒಟ್ಟು 10,000ಕ್ಕೂ ಹೆಚ್ಚು ಮಕ್ಕಳು ಅಂಗ ಊನವಾಗಿ ಹುಟ್ಟಿದರು ಎಂದು ಅಂದಾಜು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿ ಕಂಪನಿ ಎಷ್ಟೇ ಒತ್ತಾಯ ಮಾಡಿದರೂ ಒಪ್ಪಿಗೆ ಕೊಡಲಿಲ್ಲ. ಇವತ್ತು ಔಷಧಿಗಳಿಗೆ ಇಷ್ಟು ಕಟ್ಟುನಿಟ್ಟು ಇರುವುದಕ್ಕೆ ಆ ದುರಂತವೇ ದೊಡ್ಡ ಕಾರಣ.

ನಿಮ್ಮ ಕೈಯಲ್ಲಿರುವ ಮಾತ್ರೆ ಅದಲ್ಲ, ಅದರ ನೆಂಟನೂ ಅಲ್ಲ. ಅದರಲ್ಲಿ ಎರಡೇ ವಸ್ತು. ಒಂದು ಡಾಕ್ಸಿಲಮೈನ್, ನೆಗಡಿ ಅಲರ್ಜಿಗೆ ಕೊಡುವ ಮಾತ್ರೆಗಳ ಜಾತಿಯದು. ಇನ್ನೊಂದು ಪಿರಿಡಾಕ್ಸಿನ್, ಅಂದರೆ ವಿಟಮಿನ್ ಬಿ6. ಈ ಜೋಡಿ 1950ರ ದಶಕದಿಂದ ಬಳಕೆಯಲ್ಲಿದೆ. ಇದಕ್ಕೂ ಒಂದು ಕಥೆ ಇದೆ, ನಿಮ್ಮ ಭಾವನಿಗೆ ಕಳಿಸಬೇಕಾದದ್ದು ಇದೇ. ಥಾಲಿಡೊಮೈಡ್ ಭಯ ಇನ್ನೂ ಆರಿರಲಿಲ್ಲ. ಅಮೆರಿಕದಲ್ಲಿ ಈ ಮಾತ್ರೆಯ ಮೇಲೂ ಸಾಲು ಸಾಲು ಕೇಸು ಬಿದ್ದವು. ಕೋರ್ಟಿಗೆ ಅಲೆದು ಸಾಕಾಗಿ ಕಂಪನಿ 1983ರಲ್ಲಿ ಮಾತ್ರೆಯನ್ನೇ ನಿಲ್ಲಿಸಿತು. ಮಾತ್ರೆಯಿಂದ ಮಕ್ಕಳಿಗೆ ತೊಂದರೆ ಆಗುತ್ತಿದ್ದರೆ ಆಮೇಲೆ ಅದು ಕಡಿಮೆ ಆಗಬೇಕಿತ್ತು ಅಲ್ವಾ? ಆಗಲಿಲ್ಲ. ಅಂಗದೋಷದ ಲೆಕ್ಕ ಇದ್ದಷ್ಟೇ ಇತ್ತು. ಜಾಸ್ತಿ ಆದದ್ದು ವಾಂತಿಗೆ ಆಸ್ಪತ್ರೆ ಸೇರುವ ಬಸುರಿಯರ ಸಂಖ್ಯೆ. ಕೊನೆಗೆ 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದೇ ಜೋಡಿಗೆ ಮತ್ತೆ ಒಪ್ಪಿಗೆ ಕೊಟ್ಟಿತು. ಬಸಿರಿನಲ್ಲಿ ಇಷ್ಟು ಕೂಲಂಕಷವಾಗಿ ಪರೀಕ್ಷೆಗೆ ಒಳಗಾದ ಔಷಧಿಗಳು ಕಡಿಮೆ.

ತೆಗೆದುಕೊಳ್ಳುವ ರೀತಿಯಲ್ಲಿ ಒಂದು ಮಾತು. ಜಾಸ್ತಿ ಜನ ವಾಂತಿ ಬಂದ ಮೇಲೆ ಈ ಮಾತ್ರೆ ನುಂಗುತ್ತಾರೆ. ಅದು ಮೇಲೆ ಬರುತ್ತದೆ. 'ಕೆಲಸ ಮಾಡಲ್ಲ ಡಾಕ್ಟ್ರೇ' ಅನ್ನುತ್ತಾರೆ. ಇದು ಸಾಮಾನ್ಯವಾಗಿ ಹೊಟ್ಟೆ ದಾಟಿದ ಮೇಲೆ ನಿಧಾನವಾಗಿ ಕರಗುವ ಮಾತ್ರೆ. ಕೆಲಸ ಶುರುವಾಗುವುದಕ್ಕೆ ಕೆಲವು ಗಂಟೆ ಬೇಕು. ಅದಕ್ಕೇ ರಾತ್ರಿ ಮಲಗುವಾಗ ಕೊಡುವುದು, ಬೆಳಗ್ಗೆ ಏಳುವ ಹೊತ್ತಿಗೆ ಒಳಗೆ ಸಿದ್ಧ ಇರಲಿ ಎಂದು. ಪುಡಿ ಮಾಡಬೇಡಿ, ಅಗಿಯಬೇಡಿ. ಎರಡು ಮೂರು ದಿನ ನೋಡಿ, ಸಾಲದಿದ್ದರೆ ಬೆಳಗ್ಗೆ, ಮಧ್ಯಾಹ್ನ ಸೇರಿಸುವುದನ್ನು ಡಾಕ್ಟರು ಹೇಳುತ್ತಾರೆ. ಒಂದು ದಿನ ಹಾಯೆನಿಸಿತು ಎಂದು ನಿಲ್ಲಿಸಬೇಡಿ. ನಿದ್ದೆ ಮಂಪರು ಬರುತ್ತದೆ, ಆ ಹೊತ್ತಲ್ಲಿ ಸ್ಕೂಟರ್ ಬೇಡ. ಬಾಯಿ ಒಣಗಬಹುದು. ಅಷ್ಟೇ.

ಈಗ ಅತ್ತೆಯವರ ಮಾತಿಗೆ ಬರೋಣ, 'ಮನಸ್ಸಿಂದ ಬರೋದು'. ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ಅತ್ತೆಯರು ಮಾತ್ರ ಹೇಳಿದ್ದಲ್ಲ. ಹೋದ ಶತಮಾನದಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳೇ, ಒಳಮನಸ್ಸಿಗೆ ಮಗು ಬೇಡದವಳಿಗೆ ವಾಂತಿ ಜಾಸ್ತಿ ಎಂದು ಪುಸ್ತಕದಲ್ಲಿ ಬರೆದಿದ್ದರು. ಎಷ್ಟು ಹೆಂಗಸರು ಸುಮ್ನೆ ಬೈಸಿಕೊಂಡಿರಬೇಕು! ಅದು ತಪ್ಪು ಎಂದು ಈಗ ಚೆನ್ನಾಗಿ ಗೊತ್ತಾಗಿದೆ.

ಬಸಿರು ನಿಂತ ಮೇಲೆ ಮಗುವಿನ ಮಾಸು, ಡಾಕ್ಟರುಗಳ ಬಾಯಲ್ಲಿ ಪ್ಲಾಸೆಂಟಾ, ಹಲವು ಹಾರ್ಮೋನುಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಅದರಲ್ಲಿ ಒಂದು ಎಚ್‌ಸಿಜಿ, ನೀವು ಮನೆಯಲ್ಲಿ ಕಾರ್ಡಿನ ಮೇಲೆ ಎರಡು ಗೆರೆ ನೋಡಿದ್ದು ಅದರಿಂದಲೇ. ಅದು ಏರುವ ವಾರಗಳೂ ವಾಂತಿ ಏರುವ ವಾರಗಳೂ ಒಂದೇ ಆದ್ದರಿಂದ ಬಹಳ ಕಾಲ ಅದನ್ನೇ ದೂರುತ್ತಿದ್ದೆವು. ಇನ್ನೊಂದರ ಹೆಸರು ಜಿಡಿಎಫ್15. ಇದು ಮೆದುಳಿನ ಹಿಂಬದಿಯ ಬುಡಕ್ಕೆ ಹೋಗಿ ವಾಕರಿಕೆಯ ಗಂಟೆ ಬಾರಿಸುತ್ತದೆ. ಅಮೆರಿಕದ ಮರ್ಲೀನಾ ಫೆಜ್ಜೊ, ಕೇಂಬ್ರಿಡ್ಜಿನ ಸ್ಟೀಫನ್ ಓರಾಹಿಲಿ ಮತ್ತು ಜೊತೆಗಾರರು 2023ರ ಡಿಸೆಂಬರ್‌ನಲ್ಲಿ ಇದರ ಬಗ್ಗೆ ಮುಖ್ಯವಾದ ಅಧ್ಯಯನ ಪ್ರಕಟಿಸಿದರು. ಫೆಜ್ಜೊ ತಾವೇ ಈ ವಾಂತಿಯಿಂದ ನರಳಿ 1999ರಲ್ಲಿ ಮಗು ಕಳೆದುಕೊಂಡವರು, ಆಮೇಲೆ ಇದರ ಬೆನ್ನು ಹತ್ತಿದರು. ಅವರು ಕಂಡದ್ದು ಸ್ವಾರಸ್ಯದ್ದು. ಬಸಿರಿಗೆ ಮುಂಚೆ ಯಾರ ಮೈಯಲ್ಲಿ ಈ ಹಾರ್ಮೋನು ಕಡಿಮೆ ಇರುತ್ತದೋ ಅವರಿಗೇ ಬಸಿರಾದಾಗ ವಾಂತಿ ಜಾಸ್ತಿ. ಮೈಗೆ ಅಭ್ಯಾಸವೇ ಇಲ್ಲ, ಒಮ್ಮೆಲೇ ಅಷ್ಟು ಬಂದರೆ ತಡೆಯುವುದಿಲ್ಲ. ಥಲಸ್ಸೀಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವ ಹೆಂಗಸರಲ್ಲಿ ಇದು ಮೊದಲಿಂದಲೂ ಹೆಚ್ಚಿರುತ್ತದೆ, ಅವರಿಗೆ ಬಸಿರಿನ ವಾಂತಿ ತೀರಾ ಕಡಿಮೆ.

ಅಂದಮೇಲೆ ಅತ್ತೆಯವರಿಗೆ ಮಾತ್ರೆ ಬೇಕಾಗಲಿಲ್ಲ ಅನ್ನುವುದು ಅವರ ಮೈಯ ಗುಣ. ಅದು ನಿಮಗೆ ಅಳತೆಗೋಲಲ್ಲ. ಕೇಳುವುದಾದರೆ ನಿಮ್ಮ ಅಮ್ಮನನ್ನು, ಅಕ್ಕನನ್ನು ಕೇಳಿ. ವಿಪರೀತ ವಾಂತಿ ತಾಯಿ ಕಡೆಯಿಂದ ಬರುವುದು ಸಾಕಷ್ಟು ಕಾಣುತ್ತದೆ.

'ಬೆಳಗಿನ ವಾಂತಿ' ಎಂದು ಹೆಸರು ಇಟ್ಟವರು ಯಾರೋ, ಬಸುರಿಯಂತೂ ಇರಲಾರರು. ಇದಕ್ಕೆ ಹೊತ್ತುಗೊತ್ತು ಇಲ್ಲ. ನೂರರಲ್ಲಿ ಎಪ್ಪತ್ತು ಎಂಬತ್ತು ಬಸುರಿಯರಿಗೆ ಸ್ವಲ್ಪವೋ ಜಾಸ್ತಿಯೋ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಐದಾರು ವಾರಕ್ಕೆ ಶುರು, ಒಂಬತ್ತು ಹತ್ತು ವಾರದ ಆಸುಪಾಸಿನಲ್ಲಿ ಜೋರು, ಹದಿನಾಲ್ಕರ ಹೊತ್ತಿಗೆ ಬಹಳ ಜನಕ್ಕೆ ಇಳಿಮುಖ. ಕೆಲವರಿಗೆ ಇಪ್ಪತ್ತು ವಾರದವರೆಗೂ ಎಳೆಯುತ್ತದೆ. ನಿಮಗೆ ಈಗ ಎಂಟು. ಮುಂದಿನ ಎರಡು ವಾರ ಇದಕ್ಕಿಂತ ಸ್ವಲ್ಪ ಹೆಚ್ಚಾದರೂ ಗಾಬರಿ ಬೇಡ. ಮಾತ್ರೆ ಈಗಲೇ ಶುರು ಮಾಡಿ ಎಂದು ನಾನು ಅವಸರ ಮಾಡುವುದೂ ಅದಕ್ಕೇ. ಚಿಕ್ಕದಿದ್ದಾಗ ಹಿಡಿದರೆ ಹಿಡಿತಕ್ಕೆ ಸಿಗುತ್ತದೆ.

ನಿಮ್ಮದು ಎಷ್ಟು ಜೋರು ಎಂದು ಅಳೆಯುವುದಕ್ಕೆ ನಮ್ಮಲ್ಲಿ ಒಂದು ಸುಲಭ ಲೆಕ್ಕ ಇದೆ. ಮೂರೇ ಪ್ರಶ್ನೆ. ಕಳೆದ 24 ಗಂಟೆಯಲ್ಲಿ ಎಷ್ಟು ಹೊತ್ತು ಹೊಟ್ಟೆ ತೊಳೆಸಿತು, ಎಷ್ಟು ಸಲ ವಾಂತಿ ಆಯಿತು, ಎಷ್ಟು ಸಲ ಏನೂ ಬರದೆ ಬರೀ ಓಕರಿಸಿದಿರಿ. ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 6ರವರೆಗೆ ಸಾಧಾರಣ, 7ರಿಂದ 12 ಮಧ್ಯಮ, 13 ಅಥವಾ ಅದಕ್ಕಿಂತ ಹೆಚ್ಚಾದರೆ ಜೋರು. ನೀವು ಬರೆದದ್ದನ್ನು ಹಾಕಿ ನೋಡಿದೆ, 11 ಬರುತ್ತದೆ. ಮಧ್ಯಮದಲ್ಲಿ ಮೇಲ್ತುದಿ. ಅಂದರೆ 'ಸಹಿಸ್ಕೋ' ಅನ್ನುವ ಹಂತ ದಾಟಿದ್ದೀರಿ, ಆಸ್ಪತ್ರೆ ಸೇರುವ ಹಂತ ಮುಟ್ಟಿಲ್ಲ. ತೂಕದ ಲೆಕ್ಕವೂ ಅದನ್ನೇ ಹೇಳುತ್ತದೆ. ಬಸಿರಿಗೆ ಮುಂಚಿನ ತೂಕದ ನೂರಕ್ಕೆ ಐದು ಪಾಲು ಇಳಿದರೆ ನಾವು ಹುಷಾರಾಗುತ್ತೇವೆ. ನಿಮಗೆ ಅದು 2.7 ಕೆಜಿ. ನೀವು ಒಂದೂವರೆ ಕೆಜಿ ಇಳಿದಿದ್ದೀರಿ. 51.3ರ ಹತ್ತಿರ ಬಂದರೆ ಮುಂದಿನ ಅಪಾಯಿಂಟ್‌ಮೆಂಟ್ ಕಾಯಬೇಡಿ, ಹೋಗಿಬಿಡಿ. ವಾರಕ್ಕೆರಡು ಸಲ, ಬೆಳಗ್ಗೆ, ಒಂದೇ ತಕ್ಕಡಿಯಲ್ಲಿ ನೋಡಿದರೆ ಸಾಕು. ದಿನಾ ನೋಡಿದರೆ ಸುಮ್ನೆ ತಲೆಬಿಸಿ.

ಮಗುವಿನ ಚಿಂತೆ. ಎಂಟು ವಾರದ ಮಗು ಎಷ್ಟು ದೊಡ್ಡದು ಗೊತ್ತಾ? ತಲೆಯಿಂದ ಕುಂಡೆವರೆಗೆ ಒಂದೂವರೆ ಸೆಂಟಿಮೀಟರ್ ಚಿಲ್ಲರೆ. ಹನ್ನೆರಡು ವಾರಕ್ಕೂ ಐದಾರು ಸೆಂಟಿಮೀಟರ್ ಅಷ್ಟೇ. ಅದಕ್ಕೆ ಬೇಕಾದ ಊಟ ಎಷ್ಟು! ನಿಮ್ಮ ಮೈಯಲ್ಲಿ ಕೂಡಿಟ್ಟದ್ದರಿಂದ ಅದು ತೆಗೆದುಕೊಳ್ಳುತ್ತದೆ. 'ಇಬ್ಬರ ಊಟ ಮಾಡು' ಎಂದು ಒತ್ತಾಯ ಮಾಡುವವರಿಗೆ ಹೇಳಿ, ಬಸುರಿಗೆ ದಿನಕ್ಕೆ 350 ಕ್ಯಾಲೊರಿ ಜಾಸ್ತಿ ಬೇಕು ಎಂದು ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೇಳುವುದು ನಾಲ್ಕನೇ ತಿಂಗಳಿಂದ ಆಚೆಗೆ. ಈಗ ಕೇಸರಿ ಹಾಲನ್ನು ಮೂಗು ಹಿಡಿದು ಕುಡಿದು ಐದು ನಿಮಿಷದಲ್ಲಿ ಕಕ್ಕುವುದರಿಂದ ಯಾರಿಗೂ ಲಾಭ ಇಲ್ಲ. ಈ ವಾರಗಳಲ್ಲಿ ಬಿಡಬಾರದ್ದು ಎರಡೇ, ನೀರು ಮತ್ತು ಫೋಲಿಕ್ ಆ್ಯಸಿಡ್ ಮಾತ್ರೆ. ಫೋಲಿಕ್ ಚಿಕ್ಕ ಮಾತ್ರೆ, ಹೊಟ್ಟೆ ಶಾಂತ ಇರುವ ಯಾವ ಹೊತ್ತಿಗಾದರೂ ನುಂಗಿ. ಐರನ್ ಮಾತ್ರೆ ಬೇರೆ ಮಾತು. ಅದು ಹೊಟ್ಟೆ ತೊಳೆಸುವುದನ್ನು ಹೆಚ್ಚು ಮಾಡುತ್ತದೆ, ಮಲಬದ್ಧತೆಯೂ ತರುತ್ತದೆ. ಸರ್ಕಾರಿ ಕ್ರಮದಲ್ಲೂ ಐರನ್ ಶುರುವಾಗುವುದು ನಾಲ್ಕನೇ ತಿಂಗಳಿಂದ. ಯಾರಾದರೂ ಈಗಲೇ ಕೊಟ್ಟಿದ್ದರೆ ಸ್ವಲ್ಪ ಮುಂದಕ್ಕೆ ಹಾಕಬಹುದಾ ಎಂದು ಡಾಕ್ಟರನ್ನು ಕೇಳಿ. ರಕ್ತ ತೀರಾ ಕಡಿಮೆ ಇದ್ದರೆ ಮಾತ್ರ ಅವರು ಬೇಡ ಅಂದಾರು.

ಇನ್ನು ದಿನ ಕಳೆಯುವ ಬಗೆ. ಖಾಲಿ ಹೊಟ್ಟೆ ನಿಮ್ಮ ಮೊದಲ ವೈರಿ. ಬೆಳಗ್ಗೆ ಕಣ್ಣು ಬಿಟ್ಟ ತಕ್ಷಣ ಎದ್ದು ಕೂರಬೇಡಿ. ತಲೆದಿಂಬಿನ ಪಕ್ಕ ಡಬ್ಬಿಯಲ್ಲಿ ಮಂಡಕ್ಕಿ, ಹುರಿಗಡಲೆ, ರಸ್ಕ್ ಏನಾದರೂ ಇರಲಿ. ಮಲಗಿದಲ್ಲೇ ನಾಲ್ಕು ಕಾಳು ಅಗಿದು, ಹದಿನೈದು ನಿಮಿಷ ಬಿಟ್ಟು ನಿಧಾನ ಏಳಿ. ಹಗಲು ಎರಡು ಗಂಟೆಗೊಮ್ಮೆ ಒಂದು ಇಡ್ಲಿ, ಅರ್ಧ ಬಾಳೆಹಣ್ಣು, ಒಂದು ಹಿಡಿ ಕಡಲೆಬೀಜ. ತಟ್ಟೆ ತುಂಬ ಬಡಿಸಿಕೊಂಡು ಕೂರಬೇಡಿ, ನೋಡಿದರೇ ಸಂಕಟ ಆಗುತ್ತದೆ. ಊಟದ ಜೊತೆ ನೀರು ಕುಡಿಯಬೇಡಿ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ.

ಹಲ್ಲುಜ್ಜುವಾಗ ವಾಂತಿ ಬರುವವರು ಬಹಳ. ಹೆಚ್ಚಿನ ಸಲ ತಪ್ಪು ಬ್ರಷ್ಷಿನದಲ್ಲ, ಆಮೇಲೆ ನಾಲಿಗೆ ಕೆರೆಯುತ್ತೇವಲ್ಲ, ಅದರದು. ನಾಲಿಗೆಯ ಬುಡ ಮುಟ್ಟಿದರೆ ಯಾರಿಗಾದರೂ ಓಕರಿಕೆ ಬರುತ್ತದೆ, ನಿಮಗೆ ಬರದೆ ಇರುತ್ತದಾ? ಒಂದೆರಡು ತಿಂಗಳು ನಾಲಿಗೆ ಕೆರೆಯುವುದನ್ನು ಬಿಡಿ. ಮಕ್ಕಳ ಚಿಕ್ಕ ಬ್ರಷ್ ಬಳಸಿ, ಪೇಸ್ಟ್ ಕಡಲೆಕಾಳಿನಷ್ಟು ಸಾಕು. ಎದ್ದ ಕೂಡಲೇ ಬೇಡ, ಏನಾದರೂ ಹೊಟ್ಟೆಗೆ ಬಿದ್ದು ಒಂದು ತಾಸಾದ ಮೇಲೆ ಉಜ್ಜಿ. ಹಾಗೇ, ವಾಂತಿಯಾದ ತಕ್ಷಣ ಹಲ್ಲುಜ್ಜಬಾರದು. ಹೊಟ್ಟೆಯ ಆಮ್ಲ ಹಲ್ಲಿನ ಮೇಲ್ಪದರವನ್ನು ಮೆತ್ತಗೆ ಮಾಡಿರುತ್ತದೆ, ಉಜ್ಜಿದರೆ ಸವೆಯುತ್ತದೆ. ಲೋಟ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಬ್ರಷ್ ಹಿಡಿಯಿರಿ.

ವಾಸನೆ. ಬಿಸಿ ಅಡುಗೆಯಿಂದ ಏಳುವ ಹಬೆಯಲ್ಲೇ ವಾಸನೆ ಜಾಸ್ತಿ, ತಣ್ಣಗಿನದರಲ್ಲಿ ಕಡಿಮೆ. ಈ ವಿಷಯದಲ್ಲಿ ನಿಮ್ಮ ಪುತ್ತೂರು ಕಡೆಯ ಅಡುಗೆಮನೆ ನನಗೆ ಬಹಳ ಇಷ್ಟ. ತಂಬುಳಿ ಇದೆಯಲ್ಲ, ಬಸುರಿಯ ವಾಂತಿಗೇ ಹೇಳಿ ಮಾಡಿಸಿದ ಹಾಗಿದೆ. ಶುಂಠಿ ತಂಬುಳಿ ಮಾಡಿಸಿಕೊಳ್ಳಿ. ಅರ್ಧ ಇಂಚು ಶುಂಠಿ, ಒಂದು ಹಿಡಿ ತೆಂಗಿನತುರಿ, ಕಾಲು ಚಮಚ ಜೀರಿಗೆ ನುಣ್ಣಗೆ ರುಬ್ಬಿ, ಹುಳಿ ಇಲ್ಲದ ಮಜ್ಜಿಗೆ, ಉಪ್ಪು ಸೇರಿಸಿದರೆ ಆಯಿತು. ಒಲೆ ಹಚ್ಚುವ ಕೆಲಸವೇ ಇಲ್ಲ. ಒಗ್ಗರಣೆ ಕೊಡದಿದ್ದರೆ ಹೆಸರು ಕೆಡುತ್ತದೆ ಎಂದು ಅಮ್ಮ ಹೇಳಬಹುದು, ಈ ಎರಡು ತಿಂಗಳು ಕೆಡಲಿ ಬಿಡಿ. ಅನ್ನ ಆರಿಸಿ ಕಲಸಿಕೊಳ್ಳಿ, ಅಥವಾ ಹಾಗೇ ಕುಡಿಯಿರಿ. ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ, ಉಗುರು ಬೆಚ್ಚಗಾದ ಮೇಲೆ ಉಪ್ಪಿನಕಾಯಿ ನೆಕ್ಕುತ್ತಾ ಕುಡಿದರೆ ನೀರೂ ಹೋಯಿತು, ಉಪ್ಪೂ ಹೋಯಿತು. ಪುನರ್ಪುಳಿ ಶರಬತ್ತು, ನಿಂಬೆ ಪಾನಕ, ಎಳನೀರು, ಯಾವುದು ಒಳಗೆ ನಿಲ್ಲುತ್ತದೋ ಅದು. ಮೂರು ಹೊತ್ತೂ ಮೊಸರನ್ನವೇ ಹಿಡಿಸಿದರೆ ಮೂರು ಹೊತ್ತೂ ಮೊಸರನ್ನವೇ ತಿನ್ನಿ. ಸಮತೋಲನದ ಊಟ ಆಮೇಲೆ ನೋಡಿಕೊಳ್ಳೋಣ.

ಶುಂಠಿ ಅಜ್ಜಿ ಮದ್ದು ಎಂದು ಸುಮ್ನೆ ಹೇಳುತ್ತಿಲ್ಲ. ವಾಕರಿಕೆ ಕಡಿಮೆ ಮಾಡುತ್ತದೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ, ವಾಂತಿಯ ಮೇಲೆ ಅಷ್ಟು ಪರಿಣಾಮ ಇಲ್ಲ. ಒಣಶುಂಠಿ ಪುಡಿಯಾದರೆ ಇಡೀ ದಿನಕ್ಕೆ ಒಟ್ಟು ಅರ್ಧ ಟೀ ಚಮಚ, ಹಸಿ ಶುಂಠಿಯಾದರೆ ತುರಿದದ್ದು ಒಂದು ಚಮಚ. ಅದಕ್ಕಿಂತ ಜಾಸ್ತಿ ಹಾಕಿದರೆ ಎದೆ ಉರಿ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳಿ ಬಳಸಬೇಕು. ಕಾಫಿ ಇಷ್ಟವಾದರೆ ದಿನಕ್ಕೆ ಒಂದು ಸಣ್ಣ ಲೋಟ ಅಡ್ಡಿಯಿಲ್ಲ, ಆದರೆ ಫಿಲ್ಟರ್ ಕಾಫಿಯ ಪರಿಮಳ ಈಗ ನಿಮಗೆ ಹಿಡಿಸುತ್ತದೆಯೋ ಇಲ್ಲವೋ! ಮಣಿಕಟ್ಟಿಗೆ ಹಾಕುವ ಒತ್ತುಪಟ್ಟಿ ಕೆಲವರಿಗೆ ಹಿತ ಅನಿಸುತ್ತದೆ. ಪುರಾವೆ ತೆಳು, ಕೆಡುಕೇನೂ ಇಲ್ಲ.

ಹುಳಿ ಬಯಕೆ ಸರಿ. ಆದರೆ ಮಣ್ಣು, ಬಳಪ, ಹಸಿ ಅಕ್ಕಿ ತಿನ್ನಬೇಕು ಅನಿಸಿದರೆ ನಾಚಿಕೊಳ್ಳದೆ ಡಾಕ್ಟರಿಗೆ ಹೇಳಿ. ಬಹಳ ಸಲ ಅದರ ಹಿಂದೆ ರಕ್ತಹೀನತೆ ಇರುತ್ತದೆ.

ಡಾಕ್ಸಿನೇಟ್ ಸಾಲದಿದ್ದರೆ ಬೇರೆ ಮಾತ್ರೆಗಳಿವೆ. ಮೆಡಿಕಲ್ ಶಾಪಿನಲ್ಲಿ 'ವಾಂತಿಗೆ ಕೊಡಿ' ಅಂದರೆ ಸಾಮಾನ್ಯವಾಗಿ ಕೈಗೆ ಬರುವುದು ಒಂಡನ್‌ಸೆಟ್ರಾನ್, ಎಮೆಸೆಟ್ ಎಂಬ ಹೆಸರಲ್ಲಿ ಎಲ್ಲರಿಗೂ ಗೊತ್ತು. ಒಳ್ಳೆಯ ಮಾತ್ರೆಯೇ. ಆದರೆ ಮೊದಲ ಮೂರು ತಿಂಗಳಲ್ಲಿ ಇದನ್ನು ತೆಗೆದುಕೊಂಡವರ ಮಕ್ಕಳಲ್ಲಿ ಸೀಳುತುಟಿ, ಸೀಳಂಗಳ 10,000ಕ್ಕೆ ಸುಮಾರು 11 ಇರುವ ಕಡೆ 14 ಕಂಡಿದೆ. ಬಹಳ ಸಣ್ಣ ವ್ಯತ್ಯಾಸ. ಹಾಗಾಗಿ ಇದು ಎರಡನೇ ಸಾಲಿನ ಮಾತ್ರೆ, ಬೇಕಾದಾಗ ಡಾಕ್ಟರು ಯೋಚಿಸಿ ಕೊಡುತ್ತಾರೆ. ಈಗಾಗಲೇ ಒಂದೆರಡು ನುಂಗಿದ್ದರೆ ಅಳುತ್ತಾ ಕೂರಬೇಡಿ. ಗ್ಯಾಸಿನ ಮಾತ್ರೆ, ಗ್ಯಾಸು ವಾಂತಿ ಎರಡಕ್ಕೂ ಸೇರಿದ ಕ್ಯಾಪ್ಸೂಲು, ಇವನ್ನು ನೀವಾಗಿಯೇ ತರಿಸಬೇಡಿ.

ಈಗ ನಾನು ಗಂಭೀರವಾಗಿ ಹೇಳುವ ಭಾಗ. ಊಟ ಎಷ್ಟು ಹೋಯಿತು ಎಂದು ಮನೆಯವರು ಲೆಕ್ಕ ಇಡುತ್ತಾರೆ. ನೀವು ಉಚ್ಚೆಯ ಲೆಕ್ಕ ಇಡಿ. ಎಂಟು ಗಂಟೆ ಕಳೆದರೂ ಉಚ್ಚೆ ಬರಲಿಲ್ಲ, ಅಥವಾ ಡಿಕಾಕ್ಷನ್ ಬಣ್ಣದಲ್ಲಿ ನಾಲ್ಕು ಹನಿ ಬಂತು ಅಂದರೆ ಮೈಯಲ್ಲಿ ನೀರು ಬತ್ತಿದೆ. ಇಡೀ ದಿನ ಕುಡಿದ ನೀರೂ ಒಳಗೆ ನಿಲ್ಲುತ್ತಿಲ್ಲ, ಎದ್ದು ನಿಂತರೆ ಕಣ್ಣು ಕತ್ತಲೆ, ಎದೆ ಡವಡವ, ವಾಂತಿಯಲ್ಲಿ ರಕ್ತ, ಜ್ವರ, ಉಚ್ಚೆ ಉರಿ, ಹೊಟ್ಟೆನೋವು, ಕಣ್ಣು ಹಳದಿ, ರಕ್ತಸ್ರಾವ, ಇವುಗಳಲ್ಲಿ ಯಾವುದೇ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ. ವಾಂತಿ ಒಂಬತ್ತು ವಾರ ಕಳೆದ ಮೇಲೆ ಹೊಸದಾಗಿ ಶುರುವಾದರೂ ಬೇರೆ ಕಾರಣ ಹುಡುಕಬೇಕು, ಮೂತ್ರದ ಸೋಂಕು, ಥೈರಾಯ್ಡ್, ಕಾಮಾಲೆ, ಅಪೆಂಡಿಕ್ಸ್ ಹೀಗೆ. ಐದಾರು ತಿಂಗಳ ಮೇಲೆ ತಲೆನೋವು, ಕಣ್ಣು ಮಂಜು ಜೊತೆಗೆ ವಾಂತಿ ಬಂದರೆ ಅದು ಬಿಪಿ ಇರಬಹುದು, ತಡ ಮಾಡಲೇಬಾರದು. ಅವಳಿ ಮಕ್ಕಳಿದ್ದಾಗ ವಾಂತಿ ಜಾಸ್ತಿ. ಮಗು ಬೆಳೆಯದೆ ಮಾಸೇ ದ್ರಾಕ್ಷಿಗೊಂಚಲಿನ ಹಾಗೆ ಬೆಳೆಯುವ ಅಪರೂಪದ ಬಸಿರಿನಲ್ಲೂ ಜಾಸ್ತಿ. ನಿಮ್ಮ ಸ್ಕ್ಯಾನಿಂಗ್ ಈ ಎರಡನ್ನೂ ಇಲ್ಲ ಎಂದಿದೆ, ಆ ಚಿಂತೆ ಬಿಡಿ.

ಆಸ್ಪತ್ರೆಗೆ ಹೋದರೆ 'ಒಂದು ಬಾಟಲಿ ಗ್ಲೂಕೋಸ್ ಹಾಕಿಬಿಡಿ' ಎಂದು ನಮ್ಮ ಜನ ಕೇಳಿ ಹಾಕಿಸಿಕೊಳ್ಳುತ್ತಾರೆ. ಇದರಲ್ಲಿ ಒಂದು ಅಪಾಯ ಇದೆ, ಹೊರಗೆ ಹೆಚ್ಚು ಜನಕ್ಕೆ ಗೊತ್ತಿಲ್ಲ. ಎರಡು ಮೂರು ವಾರ ಏನೂ ಒಳಗೆ ನಿಲ್ಲದಿದ್ದವರಲ್ಲಿ ವಿಟಮಿನ್ ಬಿ1, ಅಂದರೆ ಥಯಮಿನ್, ಖಾಲಿಯಾಗಿರುತ್ತದೆ. ಅದನ್ನು ಕೊಡದೆ ನೇರ ಗ್ಲೂಕೋಸ್ ಏರಿಸಿದರೆ ಉಳಿದ ಚೂರೂ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳಬಹುದು. ನಡೆದರೆ ಓಲಾಡುವುದು, ಕಣ್ಣಿಗೆ ಎರಡೆರಡು ಕಾಣುವುದು, ಗೊಂದಲ, ಹೀಗೆ. ಅದಕ್ಕೇ ಮೊದಲು ಥಯಮಿನ್, ಜೊತೆಗೆ ಉಪ್ಪುನೀರಿನ ಡ್ರಿಪ್, ರಕ್ತ ಪರೀಕ್ಷೆ ನೋಡಿ ಪೊಟ್ಯಾಸಿಯಂ. ಒಳ್ಳೆಯ ಆಸ್ಪತ್ರೆಗಳಲ್ಲಿ ಇದು ತಾನಾಗಿ ನಡೆಯುತ್ತದೆ. ನೀವು ಮಾಡಬೇಕಾದ್ದು ಇಷ್ಟೇ. ಯಾವ ಕ್ಲಿನಿಕ್‌ಗೆ ಹೋದರೂ 'ಇಷ್ಟು ದಿನದಿಂದ ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ' ಎಂದು ಮೊದಲೇ ಹೇಳಿ, 'ಥಯಮಿನ್ ಬೇಕಾ ಡಾಕ್ಟ್ರೇ' ಎಂದು ಕೇಳಿ. ಕೇಳುವುದು ಉದ್ಧಟತನ ಅಲ್ಲ. ಮನೆಯಲ್ಲಿ ಕುಡಿಯುವುದಕ್ಕೆ ಓಆರ್‌ಎಸ್ ಒಳ್ಳೆಯದು. ಪೊಟ್ಟಣದ ಮೇಲೆ ಡಬ್ಲ್ಯುಎಚ್‌ಒ ಸೂತ್ರ ಎಂದಿರುವ ಪುಡಿ ತನ್ನಿ, ಅಳತೆಯ ನೀರಿಗೆ ಅಷ್ಟೂ ಪುಡಿ ಹಾಕಿ. ಅಂಗಡಿಯ ಸಿಹಿ ಡಬ್ಬಿ ಪಾನೀಯ ಅದರ ಬದಲಿ ಅಲ್ಲ.

'ಇಷ್ಟು ವಾಂತಿ ಅಂದ್ರೆ ಹೆಣ್ಣೇ' ಎಂದು ಯಾರಾದರೂ ಅಂದೇ ಇರುತ್ತಾರೆ. ಆಸ್ಪತ್ರೆ ಸೇರುವಷ್ಟು ವಾಂತಿ ಇದ್ದ ಸ್ವೀಡನ್ನಿನ ತಾಯಂದಿರಲ್ಲಿ ನೂರಕ್ಕೆ ಸುಮಾರು 56 ಹೆಣ್ಣು ಮಕ್ಕಳು ಹುಟ್ಟಿದ್ದವು. ಅಂದರೆ 44 ಗಂಡು! ಇದರಲ್ಲಿ ಭವಿಷ್ಯ ಹೇಳುವವರು ನಾಣ್ಯ ಚಿಮ್ಮಿ ಹೇಳಿದರೂ ಒಂದೇ. ಇನ್ನೊಂದು ಮಾತೂ ಕೇಳುತ್ತೇವೆ, ವಾಂತಿ ಇದ್ದರೆ ಬಸಿರು ಗಟ್ಟಿ ಎಂದು. ವಾಂತಿ ಇರುವವರಲ್ಲಿ ಗರ್ಭಪಾತ ಕಡಿಮೆ ಅನ್ನುವುದು ನಿಜ. ಆದರೆ ಹಾಗೆಂದು ಮಾತ್ರೆ ನುಂಗಿ ವಾಂತಿ ನಿಲ್ಲಿಸಿದರೆ ಬಸಿರು ಸಡಿಲ ಆಗುವುದಿಲ್ಲ. ವಾಂತಿಯೇ ಇಲ್ಲದ ಬಸುರಿಯರೂ ಚೆನ್ನಾಗಿಯೇ ಹೆರುತ್ತಾರೆ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯ. ಇಪ್ಪತ್ನಾಲ್ಕು ಗಂಟೆ ಹೊಟ್ಟೆ ತೊಳೆಸುವಾಗ ಬಸಿರೇ ಬೇಡವಾಗಿತ್ತು ಅನಿಸಬಹುದು. ಅನಿಸಿದರೆ ನೀವು ಕೆಟ್ಟ ತಾಯಿ ಅಲ್ಲ, ಸುಸ್ತಾಗಿದ್ದೀರಿ. ದಿನವಿಡೀ ಅಳು, ಯಾವುದರಲ್ಲೂ ಮನಸ್ಸಿಲ್ಲ ಅಂತಾದರೆ ಡಾಕ್ಟರಿಗೆ ಹೇಳಿ, ಅಥವಾ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮನೆಯವರು ಮಾಡಬಹುದಾದದ್ದೂ ಇದೆ. ಈ ಒಂದೂವರೆ ತಿಂಗಳು ಒಗ್ಗರಣೆಯ ಹೊತ್ತಿಗೆ ನಿಮ್ಮನ್ನು ಅಡುಗೆಮನೆಯಿಂದ ಬಿಡಿಸುವುದು ನಿಮ್ಮ ಯಜಮಾನರ ಕೆಲಸ. ಅತ್ತೆಯವರ ಜೊತೆ ಮಾತ್ರೆಯ ಬಗ್ಗೆ ಮಾತಾಡುವುದೂ ಅವರ ಕೆಲಸ, ನಿಮ್ಮದಲ್ಲ. ಮುಂದಿನ ಸಲ ಅತ್ತೆಯವರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅವರ ಭಯ ಮೊಮ್ಮಗುವಿನದೇ. ಡಾಕ್ಟರ ಬಾಯಿಂದ ನೇರ ಕೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ತವರಿಗೆ ಖಂಡಿತ ಹೋಗಿ. ಆದರೆ ಈ ವಾರ ಬೇಡ. ಮಾತ್ರೆ ಹಿಡಿದು, ವಾಂತಿ ದಿನಕ್ಕೆ ಒಂದೆರಡಕ್ಕೆ ಇಳಿಯಲಿ. ಶಿರಾಡಿ ಘಾಟಿಯ ತಿರುವುಗಳು ಗಟ್ಟಿ ಹೊಟ್ಟೆಯವರನ್ನೂ ಬಿಡುವುದಿಲ್ಲ. ಬಸ್ಸಿಗಿಂತ ಕಬಕ ಪುತ್ತೂರಿಗೆ ಹೋಗುವ ರಾತ್ರಿ ರೈಲು ವಾಸಿ, ಮಲಗಿಕೊಂಡು ಹೋಗಬಹುದು, ಶೌಚಾಲಯ ಇರುತ್ತದೆ. ಕೆಳಗಿನ ಬರ್ತ್ ಕೇಳಿ, ಬುಕ್ ಮಾಡುವಾಗ ಬಸುರಿ ಎಂದು ತಿಳಿಸಿದರೆ ಅದಕ್ಕೆ ಕೋಟಾ ಇದೆ. ಬಸ್ಸೇ ಗತಿ ಅಂದರೆ ಮುಂದಿನ ಸಾಲಿನ ಕಿಟಕಿ ಸೀಟು ಹಿಡಿಯಿರಿ, ಫೋನ್ ನೋಡಬೇಡಿ. ಒಂದು ನಿಂಬೆಹಣ್ಣು ಕೈಯಲ್ಲಿರಲಿ, ಘಾಟಿ ಬಸ್ಸಿನಲ್ಲಿ ಎಲ್ಲರೂ ಮೂಸುತ್ತಾರಲ್ಲ ಹಾಗೆ. ಮಂಡಕ್ಕಿ ಡಬ್ಬಿ, ಓಆರ್‌ಎಸ್ ಕಲಸಿದ ಬಾಟಲಿ, ಗಟ್ಟಿ ಪ್ಲಾಸ್ಟಿಕ್ ಕವರ್ ನಾಲ್ಕು. ರಾತ್ರಿಯ ಮಾತ್ರೆ ಹೊರಡುವ ಮುಂಚೆ ನುಂಗಿರಬೇಕು. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್, ಮಾತ್ರೆ ಚೀಟಿ ಒಂದೇ ಕವರಿನಲ್ಲಿ ಹಾಕಿ ಕೈಚೀಲದಲ್ಲೇ ಇಟ್ಟುಕೊಳ್ಳಿ, ಸೂಟ್‌ಕೇಸಿನಲ್ಲಿ ಬೇಡ. ತಲುಪಿದ ಮೇಲೆ ಅಲ್ಲಿನ ಆಶಾ ಕಾರ್ಯಕರ್ತೆಗೆ ಅಮ್ಮನ ಕೈಲಿ ಒಂದು ಮಾತು ಹೇಳಿಸಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಆ ಹೊತ್ತಿಗೆ ಊರಲ್ಲೇ ಇದ್ದರೆ ಅಲ್ಲೇ ತೂಕ, ರಕ್ತ, ಮೂತ್ರ ತೋರಿಸಿಕೊಳ್ಳಿ.